ಗೇಟಿನವರೆಗೆ ಮಾತ್ರ

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಪಾಕಿಸ್ತಾನ ಸೇನೆಯ ಕೇಂದ್ರ ಕಚೇರಿ ಇರೋ ರಾವಲ್ಪಿಂಡಿಯ ಪೂಜಾರಿ ಇನ್ನೂ ಜಾಣ. ಕೊಡೋದನ್ನು ಕೊಡಲಿ ಅಂತ ಸುಮ್ನೆ ಇದ್ದು, ಗುಡಿಯ ಬಾಗಿಲಲ್ಲಿ ಕಿತ್ತುಕೊಳ್ಳುತ್ತಾನೆ.

2010ರ ಏಪ್ರಿಲ್. ಸೇನೆಯ ಮೇಲಿನ ದಾಳಿಗಳ ಆರೋಪ ಹೊತ್ತಿದ್ದ 11 ಜನರನ್ನು ಭಯೋತ್ಪಾದನಾ ವಿರೋಧಿ ಕೋರ್ಟ್ ಖುಲಾಸೆ ಮಾಡಿತು. ಇನ್ನು ಮನೆಗೆ ಹೋಗಬೇಕು, ಅಲ್ವಾ? ಸರ್ಕಾರ ಮುಂಜಾಗ್ರತೆಯ ಹೆಸರಲ್ಲಿ ಅವರನ್ನು ಅಡಿಯಾಲಾ ಜೈಲಿನಲ್ಲೇ ಇಟ್ಟುಕೊಂಡಿತು. ಮೇ ಕೊನೆಗೆ ಲಾಹೋರ್ ಹೈಕೋರ್ಟ್ ಬಿಡಿ ಎಂದಿತು. ಜೈಲಿನವರು ಬಿಟ್ಟರು, ಗೇಟಿನ ಬಳಿ ಇದ್ದವರು ಹಿಡಿದುಕೊಂಡರು. ಸಿಟಿ ಬಸ್ಸಿನ ದಿನದ ಪಾಸ್ ರಾತ್ರಿವರೆಗಾದರೂ ನಡೆಯುತ್ತದೆ. ಈ ಹೈಕೋರ್ಟ್ ಆದೇಶ ಗೇಟಿನವರೆಗೂ ಸರಿಯಾಗಿ ನಡೆಯಲಿಲ್ಲ.

ಹಿಡಿದವರು ಯಾರು? ಅಲ್ಲಿನ ಗುಪ್ತಚರ ಸಂಸ್ಥೆಗಳಾದ ಐಎಸ್‌ಐ, ಮಿಲಿಟರಿ ಇಂಟೆಲಿಜೆನ್ಸ್ ಎರಡೂ ಮೊದಲು 'ನಮ್ಮ ಹತ್ತಿರ ಇಲ್ಲ' ಎಂದವು. ಡಿಸೆಂಬರ್‌ನಲ್ಲಿ 'ಇದ್ದಾರೆ' ಎಂದವು. ನಡುವೆ ಆಗಿದ್ದಕ್ಕೆ ಒಂದು ಕಥೆಯೂ ಬಂತು: ಉಗ್ರರು ಗುಪ್ತಚರರ ವೇಷದಲ್ಲಿ ಬಂದು ಇವರನ್ನು ಕರೆದೊಯ್ದರಂತೆ. ಆಮೇಲೆ ಸೇನಾ ಕಾರ್ಯಾಚರಣೆ ಪ್ರದೇಶದಲ್ಲಿ ಈ 11 ಜನ ನಿಜವಾದ ಗುಪ್ತಚರರ ಕೈಗೆ ಸಿಕ್ಕಿಬಿದ್ದರಂತೆ. ಗುಪ್ತಚರರ ವೇಷ ಅಂದರೆ ಹೇಗಿರುತ್ತದೆ? ಯಾರಿಗೂ ಗುರುತು ಸಿಗಬಾರದು ಅಂತಲೇ ಸಂಬಳ ತಿನ್ನುವವರದ್ದು! ಜೈಲಿನವರು ಮಾತ್ರ ನೋಡಿದ ಕೂಡಲೇ ಗುರುತು ಹಿಡಿದು, 11 ಜನರನ್ನು ಒಪ್ಪಿಸಿಬಿಟ್ಟರು ಅನ್ನಿ.

ಕಾನೂನು ಎಲ್ಲಿ ಅಂತ ಕೇಳಬೇಡಿ, ಅದೂ ಬಂತು. 2011ರಲ್ಲಿ ಸೇನೆಗೆ ಜನರನ್ನು ಕೂಡಿಹಾಕುವ ಅಧಿಕಾರ ಕೊಡುವ ನಿಯಮ ಹೊರಟಿತು. ಜಾರಿ ಯಾವತ್ತಿನಿಂದ? 2008ರ ಫೆಬ್ರುವರಿಯಿಂದ! ಮಗು ಹುಟ್ಟಿ ಮೂರು ವರ್ಷವಾದ ಮೇಲೆ ಮದುವೆಯ ಮುಹೂರ್ತ ಇಟ್ಟ ಹಾಗೆ.

ಅಷ್ಟರಲ್ಲಿ 11 ಏಳಾಯಿತು. ನಾಲ್ವರು ಸತ್ತಿದ್ದು ಕಾಯಿಲೆಯಿಂದ ಎಂದು ಸಂಸ್ಥೆಗಳ ವಾದ.

ಉಳಿದ ಏಳು ಜನರನ್ನು ಕರೆತನ್ನಿ ಎಂದು ಸುಪ್ರೀಂ ಕೋರ್ಟ್ ಪಟ್ಟು ಹಿಡಿಯಿತು. 2012ರ ಫೆಬ್ರುವರಿ 13ರಂದು ಮುಖ್ಯ ನ್ಯಾಯಮೂರ್ತಿ ಇಫ್ತಿಕಾರ್ ಚೌಧರಿ ಅವರ ಮುಂದೆ ತಂದು ನಿಲ್ಲಿಸಿದರು. ನಿಲ್ಲಿಸಿದರು ಅನ್ನೋದು ಸುಮ್ನೆ ಬಾಯಿಮಾತು. ಕೆಲವರಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಮೈಯಲ್ಲಿ ಮೂಳೆ ಬಿಟ್ಟರೆ ಏನಿಲ್ಲ, ಜೊತೆಗೆ ಮೂತ್ರದ ಚೀಲ. ಸುತ್ತ ಬಿಗಿ ಕಾವಲು. ಎಲ್ಲಾದರೂ ಓಡಿಹೋದರೆ?