ಡ್ರ್ಯಾಗನ್ ಬೇಡ, ಬ್ಯಾರಿಕೇಡ್ ಸಾಕು

ಇಲ್ಯೂಶನ್ ಸ್ಪೆಲ್, ಅಂದ್ರೆ ಇಲ್ದಿರೋದನ್ನ ಇದ್ದಂಗೆ ತೋರ್ಸೋ ಮಂತ್ರ, ತಗೊಳೋದು ದಂಡ ಅಂತ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಆಡೋ ಸುಮಾರು ಜನ ಹೇಳ್ತಾರೆ, ಉಳಿದೋರು ಅದನ್ನೇ ಹಿಡ್ಕೊಂಡು ಡಿಎಮ್ ಪ್ರಾಣ ತಿಂತಾರೆ. ಇಬ್ರದ್ದೂ ಒಂದೇ ಎಡವಟ್ಟು ಅನ್ಸತ್ತೆ ನಂಗೆ. ಎಲ್ರೂ ಆ ಚಿತ್ರ ಎಷ್ಟು ಜೋರಾಗಿದೆ ಅಂತ ನೋಡ್ತಾರೆ, ಅದನ್ನ ನೋಡಿದ ಶತ್ರು ಮುಂದೆ ಏನ್ ಮಾಡ್ತಾನೆ ಅಂತ ಯಾರೂ ಕೇಳಲ್ಲ.

(ಗೊತ್ತಿಲ್ದೋರಿಗೆ: ಟೇಬಲ್ ಸುತ್ತ ಕೂತು ಬಾಯಲ್ಲೇ ಆಡೋ ಆಟ ಇದು, 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತೆ ಡೇವ್ ಆರ್ನೆಸನ್ ಶುರು ಮಾಡಿದ್ದು. ಡಿಎಮ್, ಅಂದ್ರೆ ಡಂಜನ್ ಮಾಸ್ಟರ್, ಕತೆ ನಡೆಸ್ತಾನೆ, ನಾವು ಒಂದೊಂದು ಪಾತ್ರ ಆಡ್ತೀವಿ, ಏನಾದ್ರೂ ಡೌಟ್ ಇದ್ರೆ ಇಪ್ಪತ್ತು ಮುಖದ ದಾಳ.)

ನಾವು ಆಡೋದು ಜಯನಗರದಲ್ಲಿ, ಫ್ರೆಂಡ್ ಮನೆ ಮಹಡೀಲಿ. ನಮ್ ಗಾಬ್ಲಿನ್‌ಗಳು (ಆಟದಲ್ಲಿ ಬರೋ ಪುಟಾಣಿ ರಾಕ್ಷಸರು) ಅಪ್ಪಟ ಬೆಂಗಳೂರು ಕನ್ನಡ ಮಾತಾಡ್ತಾವೆ, 'ಏನ್ ಗುರು ಈ ಕಡೆ' ಅಂತ್ಲೇ ಕತ್ತಿ ತೆಗೀತಾವೆ. ಮೊನ್ನೆ ಸೆಶನ್‌ನಲ್ಲಿ ಗುಹೆ ಒಳಗೆ ಓಗರ್ (ದೈತ್ಯ ರಾಕ್ಷಸ) ಒಂದು ನಮ್ಮನ್ನ ಅಟ್ಟಿಸ್ಕೊಂಡು ಬರ್ತಿತ್ತು, ನಮ್ ವಿಝರ್ಡ್ (ಮಂತ್ರವಾದಿ) ಹುಡುಗಿ ಸೈಲೆಂಟ್ ಇಮೇಜ್ ಅನ್ನೋ, ಸದ್ದಿಲ್ದೆ ಬರೀ ಚಿತ್ರ ತೋರ್ಸೋ ಸ್ಪೆಲ್ ಹಾಕಿ ಛಾವಣಿ ಕುಸಿದು ದಾರಿಗೆ ಅಡ್ಡ ಬಂಡೆ ಬಿದ್ದಿರೋ ಹಾಗೆ ತೋರ್ಸಿದ್ಲು. ಒಳ್ಳೇ ಐಡಿಯಾ, ಗುಹೇಲಿ ಬಂಡೆ ಬೀಳೋದೇನ್ ವಿಶೇಷ. ಡಿಎಮ್ ಒಂದ್ ಸೆಕೆಂಡೂ ಯೋಚ್ನೆ ಮಾಡ್ದೆ ಸ್ಕ್ರೀನ್ ಹಿಂದೆ ದಾಳ ಉರುಳಿಸಿ '17 ಬಿತ್ತು, ಓಗರ್‌ಗೆ ಗೊತ್ತಾಯ್ತು' ಅಂದ.

ಅಲ್ಲಾ ಸ್ವಾಮಿ, ಓಗರ್ ಇಂಟೆಲಿಜೆನ್ಸ್ 5, ಅಂದ್ರೆ ದಾಳದಲ್ಲಿ ಬಿದ್ದಿದ್ರಲ್ಲಿ ಮೈನಸ್ 3. ಹುಡುಗಿ ಡಿಸಿ 13, ಅಂದ್ರೆ ಮಾಯೆ ಅಂತ ಗೊತ್ತಾಗಕ್ಕೆ ಅಷ್ಟಾದ್ರೂ ಬರ್ಬೇಕು. 17ಕ್ಕೆ 3 ಕಳೆದ್ರೆ 14, ಪಾಸೇ, ಲೆಕ್ಕದಲ್ಲಿ ತಪ್ಪಿಲ್ಲ. ನನ್ನ ಪ್ರಶ್ನೆ ಏನಂದ್ರೆ ಆ ಓಗರ್ ದಾಳ ಹಾಕಿದ್ದಾದ್ರೂ ಯಾಕೆ? ರೂಲ್‌ನಲ್ಲಿ ಇರೋದು, ಆ ಚಿತ್ರಾನ ಪರೀಕ್ಷೆ ಮಾಡಕ್ಕೆ ಅದು ತನ್ನ ಸರದಿಯ ಆಕ್ಷನ್ ಖರ್ಚು ಮಾಡ್ಬೇಕು, ಆಮೇಲೆ ಇನ್ವೆಸ್ಟಿಗೇಶನ್ ಚೆಕ್, ಅಂದ್ರೆ ದಾಳ ಹಾಕಿ ನೋಡೋದು. ಕಣ್ಣಿಗೆ ಬಿದ್ದ ತಕ್ಷಣ ಫ್ರೀ ಚೆಕ್ ಅಂತ ಎಲ್ಲೂ ಬರ್ದಿಲ್ಲ. ಬಂಡೆ ನೋಡಿದ ಓಗರ್ ನಿಂತ್ಕೊಳತ್ತೆ, ಬೈಯತ್ತೆ, ಇಲ್ಲಾ ಸಿಟ್ಟಲ್ಲಿ ಗುದ್ದತ್ತೆ. ಗುದ್ದಿದ್ರೆ ಕೈ ಒಳಗೆ ಹೋಗತ್ತೆ, ಆಗ ದಾಳಾನೇ ಬೇಡ, ಸುಳ್ಳು ಅಂತ ಗೊತ್ತಾಗೋಯ್ತು, ಒಪ್ತೀನಿ. ಆದ್ರೂ ಅದ್ರ ಒಂದು ಟರ್ನ್ ಹೋಯ್ತಲ್ಲ, ಓಡೋರಿಗೆ ಅಷ್ಟ್ ಸಾಕು. ಮಂತ್ರ ಹಾಕಕ್ಕೆ ಲೆಕ್ಕವಾಗಿ ಸಿಗೋ ಒಂದು ಸ್ಪೆಲ್ ಸ್ಲಾಟ್‌ಗೆ ಸಿಗಬೇಕಾಗಿದ್ದ ಬೆಲೆ ಅದೇ, ಅದನ್ನ ಡಿಎಮ್ ಪುಕ್ಸಟ್ಟೆ ಕಿತ್ಕೊಂಡ್ರೆ ಹುಡುಗಿ ಮುಂದಿನ್ ಸಲ ನೇರ ಬೆಂಕಿ ಉಂಡೆ ಎಸೆಯೋ ಫೈರ್‌ಬಾಲ್ ತಗೋತಾಳೆ, ತಗೊಳ್ದೆ ಇನ್ನೇನು.

ಹಾಗಂತ ಆಡೋರು ಸಾಚಾ ಏನಲ್ಲ. ಇಲ್ಯೂಶನ್ ಕೈಗೆ ಸಿಕ್ಕಿದ್ ತಕ್ಷಣ ಡ್ರ್ಯಾಗನ್ ಬಿಡ್ತಾರೆ. ಸದ್ದಿಲ್ಲ, ವಾಸ್ನೆ ಇಲ್ಲ, ಆ ಸ್ಪೆಲ್‌ನ 15 ಅಡಿ ಮಿತಿ ಒಳಗೆ ಮುದುರಿಕೊಂಡಿರೋ ಡ್ರ್ಯಾಗನ್, ಅದನ್ನ ಯಾವ ಗಾಬ್ಲಿನ್ ನಂಬತ್ತೆ? ನಮ್ಮೂರಲ್ಲಿ ರಸ್ತೆಗೆ ಅಡ್ಡ ಒಂದ್ ಬ್ಯಾರಿಕೇಡ್ ಇಟ್ಟು 'ಕಾಮಗಾರಿ ಪ್ರಗತಿಯಲ್ಲಿದೆ' ಅಂತ ಬೋರ್ಡ್ ಹಾಕಿ ನೋಡಿ, ಒಳಗೆ ಕಾಮಗಾರಿ ಇದ್ಯೋ ಇಲ್ವೋ ಅಂತ ಯಾವ ನನ್ಮಗನೂ ಇಳಿದು ಮುಟ್ಟಿ ನೋಡಲ್ಲ, ಬಾಯಿಗ್ ಬಂದಂಗ್ ಬೈಕೊಂಡು ಗಾಡಿ ತಿರುಗಿಸ್ತಾನೆ. ಮಾಯೆ ಅಂದ್ರೆ ಆ ಲೆವೆಲ್‌ಗೆ ಬೋರಿಂಗ್ ಆಗಿರ್ಬೇಕು. ಮುಚ್ಚಿರೋ ಬಾಗ್ಲು, ಮೂಲೇಲಿ ಒಂದು ಮರದ ಪೆಟ್ಟಿಗೆ. ಮೈನರ್ ಇಲ್ಯೂಶನ್ ಅನ್ನೋ ಸ್ಪೆಲ್ ಬರೀ ಕ್ಯಾಂಟ್ರಿಪ್, ಅಂದ್ರೆ ಸ್ಲಾಟ್ ಖರ್ಚೇ ಇಲ್ಲ, 5 ಅಡಿ ಘನದೊಳಗೆ ಒಂದು ಪೆಟ್ಟಿಗೆ ಮಾಡಿ ಅದ್ರೊಳಗೆ ಕುಕ್ಕರುಗಾಲಲ್ಲಿ ಕೂತ್ಕೊಂಡ್ರೆ ಕಾವಲುಗಾರ ಪಕ್ಕದಲ್ಲೇ ಹೋದ್ರೂ ತಿರುಗಿ ನೋಡಲ್ಲ.

ಇದ್ರಲ್ಲಿ ನಮಗಿಂತ ಪಳಗಿದೋರು ಬೇಕಾ? ಮಯಸಭೆ ನೆನಪ್ ಮಾಡ್ಕೊಳಿ. ದುರ್ಯೋಧನ ಮೊದ್ಲು ಸ್ಫಟಿಕದ ನೆಲಾನ ನೀರು ಅಂದ್ಕೊಂಡು ಬಟ್ಟೆ ಎತ್ಕೊಂಡ, ಆಮೇಲೆ ನಿಜವಾದ್ ನೀರನ್ನ ನೆಲ ಅಂದ್ಕೊಂಡು ದಬಕ್ ಅಂತ ಬಿದ್ದ. ಆ ಎರಡನೇ ಸಲ ಮಾಯೇನೇ ಇರ್ಲಿಲ್ಲ ನೋಡಿ, ನೀರು ನೀರೇ ಆಗಿತ್ತು. ಟೇಬಲ್ ಮೇಲೂ ಹಿಂಗೇ ಆಡ್ಬೇಕು, ಮೊದ್ಲು ಸುಳ್ಳು ಹೊಂಡ ತೋರ್ಸಿ, ಕೋಬೋಲ್ಡ್‌ಗಳು (ಇವೂ ಪುಟಾಣಿ ರಾಕ್ಷಸರೇ) ಅದ್ರ ಮೇಲೆ ನಡ್ಕೊಂಡ್ ಹೋಗಿ ನಗಾಡ್ಲಿ. ಹತ್ ಹೆಜ್ಜೆ ಮುಂದೆ ನಿಜವಾದ್ ಹೊಂಡ ಇರ್ಲಿ.

ಇನ್ನು ಮಾರೀಚ. ನಮ್ ಡಿಎಮ್‌ಗಳೆಲ್ಲಾ ಗೋಡೆ ಮೇಲೆ ಬರ್ದಿಟ್ಕೊಬೇಕಾದ್ ಕೇಸು ಅದು. ಚಿನ್ನದ ಜಿಂಕೆ ನೋಡಿದ್ ತಕ್ಷಣ ಲಕ್ಷ್ಮಣ ಇದು ಮಾರೀಚನ ಮಾಯೆ ಅಂದ, ಅಂದ್ರೆ ಗುಂಪಲ್ಲಿ ಒಬ್ಬ ಚೆಕ್ ಪಾಸ್ ಆಗಿದಾನೆ, ಬಾಯ್ಬಿಟ್ಟು ಹೇಳ್ತಾನೂ ಇದಾನೆ. ಏನ್ ಉಪಯೋಗ ಆಯ್ತು? ಸೀತೆಗೆ ಜಿಂಕೆ ಬೇಕಿತ್ತು, ರಾಮ ಹೋದ. ಆಮೇಲೆ ರಾಮನ ದನಿಯಲ್ಲಿ 'ಹಾ ಲಕ್ಷ್ಮಣಾ' ಅಂತ ಕೂಗು ಬಂತು, ಆಗ್ಲೂ ಅವನು ನಂಬ್ಲಿಲ್ಲ, ಆದ್ರೂ ಸೀತೆ ಮಾತಿಗೆ ಎದ್ದು ಹೋಗ್ಲೇಬೇಕಾಯ್ತು. ಒಬ್ಬ ಗಾಬ್ಲಿನ್‌ಗೆ ಗೊತ್ತಾಯ್ತು ಅಂದ್ರೆ ಹನ್ನೆರಡು ಗಾಬ್ಲಿನ್‌ಗೂ ಗೊತ್ತಾಯ್ತು ಅಂತ ಆಡ್ಸೋರು ಇದಕ್ಕೇನಂತಾರೆ? ಉಳಿದೋರು ಅವನ ಮಾತು ಕೇಳ್ಬೇಕಲ್ಲ, ಕೇಳಿದ್ರೂ ನಂಬೋ ಮನಸ್ಸು ಬೇಕಲ್ಲ.

ಶತ್ರು ತಲೆಗೆ ಮೈನರ್ ಇಲ್ಯೂಶನ್‌ನಲ್ಲಿ ಡಬ್ಬ ಮುಚ್ಚಿ 'ಈಗ ಅವನು ಕುರುಡ' ಅನ್ನೋ ಬುದ್ಧಿವಂತ್ರಿಗೆ ಮಾತ್ರ ನನ್ನ ಸಪೋರ್ಟ್ ಇಲ್ಲ. ಆ ಚಿತ್ರ ಇದ್ದಲ್ಲೇ ಇರತ್ತೆ, ಅವನು ತಲೆ ಆಚೆ ಇಟ್ರೆ ಮುಗೀತು.

ಹಳೇ ಕಾಲದಲ್ಲಿ, 1978ರ ರೂಲ್ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ, ಇಲ್ಯೂಶನಿಸ್ಟ್‌ಗೆ (ಮಾಯೆ ಮಾಡೋದ್ರಲ್ಲೇ ಪಳಗಿರೋ ಮಂತ್ರವಾದಿ) ಅವನದ್ದೇ ಸ್ಪೆಲ್ ಪಟ್ಟಿ ಇತ್ತು. ಈಗ ವಿಝರ್ಡ್‌ನಲ್ಲೇ ಒಂದು ಶಾಖೆ, ಆದ್ರೆ 14ನೇ ಲೆವೆಲ್‌ನಲ್ಲಿ ಸಿಗೋದಿದ್ಯಲ್ಲ, ತಾನು ಹುಟ್ಟಿಸಿದ ಮಾಯೇಲಿರೋ ಒಂದು ವಸ್ತುನ ಒಂದ್ ನಿಮಿಷ ನಿಜ ಮಾಡೋದು, ಪ್ರಪಾತದ ಮೇಲೆ ಸುಳ್ಳು ಸೇತುವೆ ಹಾಕಿ ಅದ್ರ ಮೇಲೇ ದಾಟ್ಬೋದು, ಆಹಾ. ನಮ್ ಟೇಬಲ್‌ನಲ್ಲಿ ಅಲ್ಲೀವರೆಗೂ ಯಾರೂ ಮುಟ್ಟಿಲ್ಲ ಬಿಡಿ, 5ನೇ ಲೆವೆಲ್‌ಗೆ ಬರೋ ಹೊತ್ತಿಗೆ ಒಬ್ಬ ವೈಟ್‌ಫೀಲ್ಡ್‌ಗೆ ಮನೆ ಶಿಫ್ಟ್ ಮಾಡಿರ್ತಾನೆ, ಇನ್ನೊಬ್ಬಳಿಗೆ ಭಾನುವಾರವೇ ಆನ್‌ಕಾಲ್ ಬಿದ್ದಿರತ್ತೆ.