ಸಿಗ್ನಲ್ ಇಲ್ಲದ ಊರಿಗೆ ಸಿಬಿಐ ಕರೆ

ಕಳಸ, ಮೂಡಿಗೆರೆ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ, ಬೆಂಗಳೂರಿನ ಮಗಳೊಂದಿಗೆ ಮಾತನಾಡಬೇಕಾದರೆ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಸಿಬಿಐ ಅಧಿಕಾರಿಯ ಕರೆ ಮಾತ್ರ ನೇರವಾಗಿ ಅಡುಗೆಮನೆಗೇ ಬರುತ್ತದೆ, ಅದೂ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ. ಕಾಡಾನೆ ಕಾಫಿ ಗಿಡ ತುಳಿದಾಗ ಅರ್ಜಿಯ ಮೇಲೆ ಅರ್ಜಿ ಕೊಟ್ಟರೂ ತಿರುಗಿ ನೋಡದ ಸರ್ಕಾರ, ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ’ ಎಂದು ತಾನಾಗಿಯೇ ವಿಚಾರಿಸಿಕೊಂಡರೆ ಅನುಮಾನ ಬರಬೇಕಿತ್ತು. ಬರುವುದಿಲ್ಲ. ಪರದೆಯ ಮೇಲೆ ಪೊಲೀಸ್ ಠಾಣೆಯ ನಂಬರೇ ಕಾಣುತ್ತದಲ್ಲ!

ನಾವು ಒಂದು ಸಿಮ್ ಕೊಳ್ಳಬೇಕಾದರೆ ಆಧಾರ್ ಬೇಕು, ಹೆಬ್ಬೆಟ್ಟು ಬೇಕು, ಮುಖದ ಫೋಟೊ ಬೇಕು. ಇಂಟರ್ನೆಟ್ ಮೂಲಕ ಕರೆ ಮಾಡುವ ವಂಚಕನಿಗೆ ಈ ತಾಪತ್ರಯವಿಲ್ಲ. ಲಕೋಟೆಯ ಮೇಲೆ ‘ಇಂದ’ ಎಂದು ಯಾರ ಹೆಸರು ಗೀಚಿದ್ದರೂ ಅಂಚೆಯವನು ತಂದುಕೊಡುವಂತೆ, ಅವನು ತುಂಬಿ ಕಳಿಸಿದ ನಂಬರನ್ನೇ ಜಾಲವು ಭಕ್ತಿಯಿಂದ ತೋರಿಸುತ್ತದೆ.

ವಿದೇಶದಿಂದ ಹೊರಟು +91ರ ವೇಷ ಹಾಕಿಕೊಂಡು ಬರುವ ಕರೆಗಳನ್ನು ತಡೆಯಲು 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ವ್ಯವಸ್ಥೆ ತಂದಿತು. ಮೊದಲ 24 ಗಂಟೆಗಳಲ್ಲಿ ಸಿಕ್ಕಿಬಿದ್ದ ಕರೆಗಳು ಸುಮಾರು 1.35 ಕೋಟಿ. 2011ರ ಜನಗಣತಿಯಂತೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11.37 ಲಕ್ಷ. ತೊಟ್ಟಿಲ ಕೂಸನ್ನೂ ಬಿಡದೆ ತಲೆಗೆ ಹನ್ನೊಂದು ಹಂಚಿದರೂ ಇನ್ನೂ ಮಿಗುತ್ತಿತ್ತು. ರೇಷನ್ ಅಕ್ಕಿಯಾದರೂ ಇಷ್ಟು ಧಾರಾಳವಾಗಿ ಬಂದದ್ದುಂಟೇ?

ಜನಜಾಗೃತಿಯ ಕಥೆ ಇನ್ನೂ ಸೊಗಸು. ಆಮೇಲೆ ಕೆಲವು ತಿಂಗಳು ಯಾರಿಗೆ ಫೋನ್ ಮಾಡಿದರೂ ಮೊದಲು ಸೈಬರ್ ವಂಚನೆಯ ಉಪದೇಶ. ಹಾವು ಕಚ್ಚಿದವನ ಕಡೆಯವರು ಡಾಕ್ಟರಿಗೆ ಫೋನ್ ಹಚ್ಚಿದರೂ ಅದನ್ನು ಕೇಳಬೇಕಿತ್ತು. ಕರೆ ಸ್ವೀಕರಿಸುವವನಿಗೆ ಮಾತ್ರ ಅದರ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಮೋಸದ ಕರೆ ಬರುವುದು ಯಾರಿಗೆ, ಎಚ್ಚರಿಕೆ ಹೇಳಿದ್ದು ಯಾರಿಗೆ!

‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಆದರೂ ಖಾಕಿ ತೊಟ್ಟವನೊಬ್ಬ ವಿಡಿಯೊ ಕರೆಯಲ್ಲಿ ಗದರಿದರೆ, ನಿವೃತ್ತ ಮೇಷ್ಟ್ರು ಊಟ ಬಿಟ್ಟು ಕ್ಯಾಮೆರಾದ ಮುಂದೆ ಕೈಕಟ್ಟಿ ಕೂರುತ್ತಾರೆ. ಮಲೆನಾಡಿನಲ್ಲಿ ಈ ಪೊಲೀಸರಿಗೆ ಹೆದರಿಕೆ ಇರುವುದು ಜುಲೈ ಮಳೆಗೆ ಮಾತ್ರ. ಲೈನಿನ ಮೇಲೆ ಮರ ಬಿದ್ದು, ಕರೆಂಟ್ ಹೋಗಿ, ಟವರ್ ಮಲಗಿತೆಂದರೆ ಆರೋಪಿಗೆ ಜಾಮೀನಿಲ್ಲದೆಯೇ ಬಿಡುಗಡೆ. ಅಷ್ಟರೊಳಗೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ದೂರು ಕೊಡಬೇಕು. ಅದಕ್ಕೆ ಮೊದಲು ಟವರ್ ಏಳಬೇಕು.