ಕಡೆಗಣಿಸಿ

ಜುಲೈ ತಿಂಗಳು. ಜಿಲ್ಲೆಗೆಲ್ಲ ಮಳೆ ರಜೆ. ಶಿರಸಿ ಹತ್ತಿರ ಅಕ್ಕನ ಮನೆಯ ಜಗಲಿಯಲ್ಲಿ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದೆ. ಬೆಳಿಗ್ಗೆ ಅಂಗಳದಲ್ಲಿ ಜಾರಿ ಬಿದ್ದಿದ್ದೆ. ಅಕ್ಕನ ಮಗ ಒಂಬತ್ತನೇ ಕ್ಲಾಸು. ಪಕ್ಕದಲ್ಲಿ ಕೂತು ಗಟ್ಟಿಯಾಗಿ ಲೆಕ್ಕ ಓದಿದ: "ಘರ್ಷಣೆಯಿಲ್ಲದ ನುಣುಪಾದ ಮೇಲ್ಮೈ ಮೇಲೆ 5 ಕಿಲೋಗ್ರಾಂನ ಪೆಟ್ಟಿಗೆ ಇದೆ. ಅದನ್ನು ಹಗ್ಗದಿಂದ 20 ನ್ಯೂಟನ್ ಬಲದಲ್ಲಿ ಎಳೆದರೆ ವೇಗೋತ್ಕರ್ಷ ಎಷ್ಟು? ಹಗ್ಗದ ತೂಕ ಮತ್ತು ಗಾಳಿಯ ತಡೆಯನ್ನು ಕಡೆಗಣಿಸಿ."

ಸೊಂಟ ಚುಳ್ ಎಂದಿತು. ಘರ್ಷಣೆಯಿಲ್ಲದ ನುಣುಪಾದ ಮೇಲ್ಮೈ! ಬೇರೆ ಊರಿನ ಮಕ್ಕಳು ಅದನ್ನು ಕಲ್ಪಿಸಿಕೊಳ್ಳಬೇಕು. ನಮ್ಮಲ್ಲಿ ಮಳೆಗಾಲ ಶುರುವಾಗಿ ತಿಂಗಳಾದರೆ ಸಾಕು, ಪಾಚಿ ಕಟ್ಟಿ ಮನೆ ಎದುರಿಗೇ ತಯಾರಾಗಿರುತ್ತದೆ. ಅದಕ್ಕೇ ಅಲ್ವಾ ಅಂಗಳಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸೋದು? ಬೆಳಿಗ್ಗೆ ನಾನು ದಬ್ಬೆ ಬಿಟ್ಟು ಒಂದೇ ಒಂದು ಹೆಜ್ಜೆ ಆಚೆ ಇಟ್ಟಿದ್ದೆ. ನಿಂತ ಕಾಲಿಗೆ ಸಿಗುವ ಘರ್ಷಣೆ ಜಾರಲು ಶುರುವಾದ ಕಾಲಿಗೆ ಸಿಗುವುದಿಲ್ಲ, ಕಡಿಮೆಯಾಗುತ್ತದೆ. ಅಂದರೆ ಅದು ಬೇಕೇ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಕೆಲವು ನೆಂಟರ ಹಾಗೆ.

"ಚಿತ್ರ ಬರೆದು ಬಲಗಳನ್ನು ಗುರುತಿಸು" ಎಂದೆ. ಅವನು ಪೆಟ್ಟಿಗೆ ಬರೆದ. ಕೆಳಕ್ಕೆ ಒಂದು ಬಾಣ, ಗುರುತ್ವ. ಮೇಲಕ್ಕೆ ಒಂದು ಬಾಣ, ನಾರ್ಮಲ್. ಒಳಗಿನಿಂದ ಅಮ್ಮ ಕೇಳಿದಳು, "ಯಾರಿಗೆ ನಾರ್ಮಲ್ ಆಯ್ತು? ಗಂಡೋ ಹೆಣ್ಣೋ?" ತಪ್ಪು ಅಮ್ಮನದಲ್ಲ. ಲ್ಯಾಟಿನ್‌ನಲ್ಲಿ ನಾರ್ಮಾ ಅಂದರೆ ಬಡಗಿಯ ಮೂಲೆಮಟ್ಟ. ಮೇಲ್ಮೈಗೆ ನೆಟ್ಟಗೆ ನಿಂತ ಬಲ ಅನ್ನೋದೇ ಅದರ ಅರ್ಥ. ಮೂಲೆಮಟ್ಟದ ಬಲ ಅಂದಿದ್ದರೆ ಅಮ್ಮನಿಗೂ ತಿಳಿಯುತ್ತಿತ್ತು. ಹಾಗೆ ನೋಡಿದರೆ ನಮ್ಮ 'ಬಲ'ವೇನು ಕಡಿಮೆ ತೊಡಕಲ್ಲ. ಎಡಕ್ಕೆ ಎಳೆದರೂ ಅದು ಬಲವೇ. ಐದನೇ ಕ್ಲಾಸಿನಲ್ಲಿ ನಾನು ಎಲ್ಲ ಬಾಣವನ್ನೂ ಬಲಕ್ಕೇ ಬರೆದು ಬೆತ್ತದ ಪೆಟ್ಟು ತಿಂದಿದ್ದೇನೆ. ಪೆಟ್ಟು ಸಂಪರ್ಕ ಬಲ. ಸಂಪರ್ಕರಹಿತ ಬಲ ಯಾವುದು ಎಂದು ಕೇಳಬೇಡಿ. ಕರೆಂಟು ಹೋದರೆ ಟವರೂ ಹೋಗುವ ಈ ಕಡೆ ಊರುಗಳಲ್ಲಿ ಎಲ್ಲವೂ ಸಂಪರ್ಕರಹಿತವೇ.

ನನಗೆ ಸಿಟ್ಟು ಬರೋದು ಇವಕ್ಕೆಲ್ಲ ಅಲ್ಲ, ಆ 'ಕಡೆಗಣಿಸಿ'ಗೆ. ಗಾಳಿಯನ್ನು ಕಡೆಗಣಿಸಬೇಕಂತೆ. ಜೂನ್‌ನಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದ ಎದುರು ಕೊಡೆ ಬಿಚ್ಚಿ ಆಮೇಲೆ ಬರೆಯಲಿ. ಈ ಮಾತಿಗೆ ನನಗೆ ಇಷ್ಟೊಂದು ಸಿಟ್ಟು ಯಾಕೆ ಅನ್ನೋದಕ್ಕೆ ಕಾರಣ ಇದೆ, ಹೇಳುತ್ತೇನೆ. ಅದಕ್ಕೆ ಮೊದಲು ಹಗ್ಗದ ವಿಷಯ.

ಮದುವೆಯಾದ ಹೊಸತು. ಹೆಂಡತಿಯ ತವರಿನಲ್ಲಿ ಕೊನೆ ಕೊಯ್ಲು. ಹೊರಗಿನವರಿಗೆ ಅದು ಅಡಿಕೆ ಗೊನೆ, ನಮಗೆ ಕೊನೆ. ಮರದ ಮೇಲೆ ಕೊನೆಗೌಡ. ಕಾಲಿಗೆ ತಳೆ ಹಾಕಿ ಸರಸರ ಹತ್ತುತ್ತಾನೆ, ಮರವನ್ನು ತೂಗಿ ಬಗ್ಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಬಿಡುತ್ತಾನೆ. ಹಗ್ಗದ ಈಚೆ ತುದಿಯನ್ನು ದೂರದಲ್ಲಿ ಓರೆಯಾಗಿ ಹಿಡಿದು ಒಬ್ಬರು ನಿಲ್ಲಬೇಕು. ಆವತ್ತು ಹಗ್ಗ ಹಿಡಿಯುವವನು ಬಂದಿರಲಿಲ್ಲ. ಮಾವನವರು ಒಂದು ಬಾರಿ ನನ್ನ ಕಡೆ ನೋಡಿ ಮುಖ ತಿರುಗಿಸಿದರು. ಆ ತಿರುಗಿಸಿದ್ದು ತಡೆಯಲಾಗಲಿಲ್ಲ. "ಅದರಲ್ಲೇನಿದೆ, ನಾನು ಹಿಡೀತೇನೆ" ಎಂದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು. ಹಗ್ಗ ಹಿಡಿಯೋಕೆ ಬರೋದಿಲ್ವಾ?

ಮೊದಲನೇ ಕೊನೆಗೆ ಸಡಿಲ ಹಿಡಿದೆ. ಅರ್ಧ ದಾರಿಯಲ್ಲೇ ದಢಾರ್ ಎಂದು ನೆಲಕ್ಕೆ ಬಿತ್ತು. ಅಡಿಕೆಯೆಲ್ಲ ಚೆಲ್ಲಾಪಿಲ್ಲಿ. ಹೆಕ್ಕುವವರು ನನ್ನ ಕಡೆ ನೋಡಲಿಲ್ಲ, ತಮ್ಮತಮ್ಮಲ್ಲೇ ನೋಡಿಕೊಂಡರು. ಎರಡನೆಯದಕ್ಕೆ ಹಲ್ಲು ಕಚ್ಚಿ ಬಿಗಿ ಹಿಡಿದೆ. ಅಡ್ಡಕ್ಕೆ ಬಿಗಿದ ಹಗ್ಗದ ಮೇಲೆ ಭಾರ ಕೂತರೆ, ಬಿಗಿದಷ್ಟೂ ಎಳೆತ ಜಾಸ್ತಿ. ಭಾರದ ತೂಕವನ್ನೇ ಮೀರಿಸುತ್ತದೆ. ಅದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕೂ ತಗೊಂಡಿದ್ದೆ. ಹತ್ತು ಕಿಲೋ ಕೊನೆ ಅಂದರೆ 98 ನ್ಯೂಟನ್. ಆದರೆ ಅಂಗೈಗೆ ಪುಸ್ತಕ ಓದಿ ಅಭ್ಯಾಸ ಇರಲಿಲ್ಲ. ಹಗ್ಗ ಸರ್ರನೆ ಸರಿಯಿತು, ಚರ್ಮ ಅದರ ಜೊತೆಗೆ ಹೋಯಿತು. ಕೊನೆ ರೊಯ್ಯನೆ ಬಂದು ಹೊಸ ಬಿಳಿ ಬನಿಯನ್‌ಗೆ ಗುದ್ದಿತು. ಅಡಿಕೆ ಕಲೆ ಹೋಗೋದಿಲ್ಲ. ಆ ಬನಿಯನ್ ಆಮೇಲೆ ವರ್ಷಗಟ್ಟಲೆ ಅವರ ಮನೆಯ ಸೈಕಲ್ ಒರೆಸಿತು.

ಮೇಲಿನಿಂದ ಕೊನೆಗೌಡ ಕೂಗಿದ, "ಹೆಗಡೇರೇ, ಹಿಂದಿನ ಮರಕ್ಕೆ ಒಂದು ಸುತ್ತು ಹಾಕ್ಕಂಡು ಹಿಡೀರಿ!" ಹಾಕಿದೆ. ಬೆರಳಲ್ಲಿ ಹಿಡಿದರೂ ಸಾಕಾಯಿತು. ನಾಚಿಕೆಗೆ ಖುಷಿಯನ್ನೂ ತೋರಿಸಲಿಲ್ಲ.

ಎಷ್ಟೋ ವರ್ಷದ ಮೇಲೆ ಕೆಲಸದ ಮೇಲೆ ಕಾರವಾರಕ್ಕೆ ಹೋದೆ. ಸಂಜೆ ಹೊತ್ತು ಬೈತಖೋಲ್ ಬಂದರಿನ ಕಡೆ ಸುಮ್ನೆ ಹೋಗಿ ನಿಲ್ಲೋದು ರೂಢಿಯಾಯಿತು. ಅಲ್ಲೊಬ್ಬ ಸಣಕಲು ಮುದುಕ. ಅಷ್ಟು ದೊಡ್ಡ ಮೀನು ಬೋಟಿನ ಹಗ್ಗವನ್ನು ಬೋಟು ನಿಲ್ಲೋ ಧಕ್ಕೆಯ ಗೂಟಕ್ಕೆ ಎರಡು ಸುತ್ತು ಸುತ್ತಿ ಒಂದೇ ಕೈಯಲ್ಲಿ ಹಿಡಿದು ನಿಂತಿದ್ದ. ಇನ್ನೊಂದು ಕೈಯಲ್ಲಿ ಬೀಡಿ. ನನ್ನ ಅಂಗೈ ತಾನಾಗೇ ಮುಚ್ಚಿಕೊಂಡಿತು. ಮನೆಗೆ ಹೋಗಿ ಹಳೇ ಪುಸ್ತಕ ತೆಗೆದೆ. ಹದಿನೆಂಟನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಇದಕ್ಕೆ ಸೂತ್ರ ಬರೆದಿಟ್ಟಿದ್ದಾನೆ. ಹಗ್ಗಕ್ಕೂ ಗೂಟಕ್ಕೂ ನಡುವಿನ ಘರ್ಷಣಾಂಕ, ಅಂದರೆ ಘರ್ಷಣೆ ಎಷ್ಟು ಅನ್ನೋ ಅಳತೆ, 0.3 ಇದ್ದರೆ, ಒಂದು ಸುತ್ತಿಗೆ ನಿಮ್ಮ ಹಿಡಿತ ಆರೂವರೆ ಪಟ್ಟು ಆಗುತ್ತದೆ. ಎರಡು ಸುತ್ತಿಗೆ 13 ಅಲ್ಲ, ಹತ್ತಿರಹತ್ತಿರ 43 ಪಟ್ಟು. ಗೂಟ ದಪ್ಪವೋ ಸಣ್ಣವೋ ಲೆಕ್ಕಕ್ಕೇ ಬರೋದಿಲ್ಲ, ಸುತ್ತು ಎಷ್ಟು ಅನ್ನೋದು ಮಾತ್ರ. ಅಡಿಕೆ ಮರವೂ ಅಷ್ಟೇ, ಬಂದರಿನ ಗೂಟವೂ ಅಷ್ಟೇ. ಈಗ ಘರ್ಷಣೆಯನ್ನು ಕಡೆಗಣಿಸಿ ನೋಡಿ. ನೂರು ಸುತ್ತು ಸುತ್ತಿದರೂ ಒಂದು ಪಟ್ಟೇ. ಬೋಟು ನೆಟ್ಟಗೆ ಅರಬ್ಬಿ ಸಮುದ್ರಕ್ಕೆ. ಮುದುಕನ ಕೈಯಲ್ಲಿ ಬೀಡಿ ಮಾತ್ರ ಉಳಿಯುತ್ತದೆ.

ಇದನ್ನು ಹೆಂಡತಿಗೆ ವಿವರಿಸಿದೆ. ಪೂರ್ತಿ ಕೇಳಿ, "ಅಂತೂ ಕೊನೆಗೌಡ ಹೇಳಿದ್ದು ಸರಿ ಅಂತ ತಿಳೀಲಿಕ್ಕೆ ನಿಮಗೆ ಇಷ್ಟು ವರ್ಷ ಬೇಕಾಯ್ತು" ಎಂದಳು. ತವರಿಗೆ ಫೋನ್ ಮಾಡಿ ಅಲ್ಲೂ ಹೇಳಿದಳು. ಆ ಮನೆಯಲ್ಲಿ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯುತ್ತಾರೆ. ಮರ ಹತ್ತುವವರೂ ಸಿಗೋದಿಲ್ಲ, ಹಗ್ಗ ಹಿಡಿಯುವವರೂ ಸಿಗೋದಿಲ್ಲ. ಹುಡುಗರೆಲ್ಲ ಬೆಂಗಳೂರಿನಲ್ಲಿ. ಆದರೂ ಹಬ್ಬಕ್ಕೆ ಹೋದರೆ ಊಟದ ಪಂಕ್ತಿಯಲ್ಲಿ ಯಾರಾದರೂ ಒಬ್ಬರು ಕೇಳದೇ ಬಿಡೋದಿಲ್ಲ: "ಭಾವ, ಈ ವರ್ಷ ಹಗ್ಗ ಹಿಡಿಯೋಕೆ ಬರ್ತ್ರ?" ಪಾಯಸ ಬಡಿಸುವವಳೂ ನಗುತ್ತಾಳೆ. ಅವಳು ಆವತ್ತು ಹುಟ್ಟಿರಲೂ ಇಲ್ಲ.

ಇಷ್ಟನ್ನೂ ಅಳಿಯನಿಗೆ ಹೇಳಿದೆ. ಅಂಗೈಯನ್ನೂ ತೋರಿಸಿದೆ. ಗುರುತು ಈಗ ಸರಿಯಾಗಿ ಕಾಣುವುದಿಲ್ಲ, ಬೆಳಕಿಗೆ ಹಿಡಿಯಬೇಕು. "ಅದಕ್ಕೇ ಹೇಳೋದು, ಹಗ್ಗದ ತೂಕ, ಘರ್ಷಣೆ, ಇವನ್ನೆಲ್ಲ ಕಡೆಗಣಿಸೋದು ಅಂದ್ರೆ..." ಎಂದು ಶುರುಮಾಡಿದೆ.

"ನಾಲ್ಕು" ಎಂದ ಅವನು.

"ಏನು ನಾಲ್ಕು?"

"ವೇಗೋತ್ಕರ್ಷ, ಮಾವ. ಇಪ್ಪತ್ತು ಭಾಗಿಸು ಐದು. ನೀನು ಮರಕ್ಕೆ ಹಗ್ಗ ಸುತ್ತುವಾಗ್ಲೇ ಬರೆದಾಗಿತ್ತು." ಪುಸ್ತಕದ ಹಿಂದಿನ ಉತ್ತರ ನೋಡಿದ. ಸರಿಯಿತ್ತು. ಪುಸ್ತಕ ಮುಚ್ಚಿ ಎದ್ದ.

ಮಳೆ ಸ್ವಲ್ಪ ಹೊಳವಾಗಿತ್ತು. ಅವನು ಬರಿಗಾಲಲ್ಲಿ ಅಂಗಳಕ್ಕೆ ಇಳಿದ. "ದಬ್ಬೆ ಮೇಲೆ ಕಾಲಿಡೋ!" ಎಂದು ಕೂಗಿದೆ. ಕೇಳಲಿಲ್ಲವೋ, ಕೇಳಿಯೂ ಕಡೆಗಣಿಸಿದನೋ. ನಾಲ್ಕು ಹೆಜ್ಜೆ ಓಡಿ, ಕಾಲು ಅಗಲಿಸಿ, ಪಾಚಿಯ ಮೇಲೆ ಸೊಯ್ಯನೆ ಜಾರಿ ತುಳಸಿಕಟ್ಟೆ ಹಿಡಿದು ನಿಂತ. ನಿಂತಿದ್ದ, ಬಿದ್ದಿರಲಿಲ್ಲ. ತಿರುಗಿ ನೋಡಿ ಇನ್ನೊಂದು ಸಲ ಜಾರೋಕೆ ವಾಪಸ್ ಬರತೊಡಗಿದ. ನಾನು ಬಿಸಿನೀರಿನ ಚೀಲವನ್ನು ಇನ್ನೊಂದು ಪಕ್ಕಕ್ಕೆ ಸರಿಸಿಕೊಂಡೆ.